ಯಾವ ಕಂಪನಿ ಫೋನ್ ಛಲೋ ಐತ್ರಿ?

ಜಮಖಂಡಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನಿಗೆ ಗಿರಾಕಿಗಳು ಬೆಳಿಗ್ಗೆಯಿಂದ ಸಂಜೆಯವರೆಗೆ ಕೇಳುವ ಪ್ರಶ್ನೆ ಇದು. ಕೇಳುವವರಲ್ಲಿ ಹೆಚ್ಚಿನವರು ಉತ್ತರವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬಂದಿರುತ್ತಾರೆ. ನಾನು ಹೂಂ ಎಂದರೆ ಅವರಿಗೆ ಸಾಕು. ಐಫೋನ್ ಹಿಡಿದವರಿಗೆ ಆಂಡ್ರಾಯ್ಡ್ ಎಂದರೆ ಹ್ಯಾಂಗ್ ಆಗುವ ಸಾಮಾನು, ಆಂಡ್ರಾಯ್ಡ್ ಹಿಡಿದವರಿಗೆ ಐಫೋನ್ ಎಂದರೆ ಸೇಬಿನ ಗುರುತಿಗೆ ತೆತ್ತ ದಂಡ. ಆಂಡ್ರಾಯ್ಡ್‌ನವರ ಒಳಗೂ ಸ್ನ್ಯಾಪ್‌ಡ್ರ್ಯಾಗನ್ ಪಕ್ಷ, ಮೀಡಿಯಾಟೆಕ್ ಪಕ್ಷ ಎಂದು, ಫೋನಿನ ಮಿದುಳಾದ ಪ್ರೊಸೆಸರ್ ಚಿಪ್ಪಿನ ಹೆಸರಿನಲ್ಲಿ, ಎರಡು ಪಂಗಡಗಳಿವೆ. ಈ ವಾದಗಳೆಲ್ಲ ಸುಳ್ಳೆಂದು ನಾನು ಹೇಳಲಾರೆ. ಆದರೆ ಬಿಚ್ಚಿದ ಫೋನುಗಳನ್ನೇ ದಿನವೂ ನೋಡುವವನಿಗೆ ಕಾಣುವ ಚಿತ್ರ ಬೇರೆ. ಜನ ಯಾವ ಭಾಗದ ಬಗ್ಗೆ ವಾದಿಸುತ್ತಾರೋ ಆ ಭಾಗದಿಂದಾಗಿ ಫೋನು ಕೆಡುವುದು ಅಪರೂಪ. ಪ್ರೊಸೆಸರ್ ದುರ್ಬಲವಾಯಿತೆಂದು ಕೌಂಟರಿಗೆ ಬರುವ ಫೋನುಗಳಲ್ಲಿ ಬಹುಪಾಲಿನವಕ್ಕೆ ಪ್ರೊಸೆಸರಿನ ತೊಂದರೆ ಇರುವುದೇ ಇಲ್ಲ. ಬ್ಯಾಟರಿ ಉಬ್ಬಿದವು, ಚಾರ್ಜ್ ಆಗದವು, ಗಾಜು ಒಡೆದವು, ಸ್ಟೋರೇಜ್ ತುಂಬಿ ತೆವಳುವವು, ಇವೇ ನಮ್ಮ ದಿನದ ದುಡಿಮೆ. ಹೀಗಾಗಿ ಎರಡು ಫೋನುಗಳನ್ನು ಹೋಲಿಸುವವರು ಈ ಭಾಗಗಳನ್ನು ಹೋಲಿಸಬೇಕು ಎಂಬುದು ನನ್ನ ಅಭಿಪ್ರಾಯ.

ಬ್ಯಾಟರಿಯ ಮಾತನ್ನು ಮೊದಲು ಎತ್ತುತ್ತೇನೆ, ಏಕೆಂದರೆ ನಮ್ಮ ಬಾಗಲಕೋಟೆ ಜಿಲ್ಲೆಯ ಬಿಸಿಲಿಗೆ ಅದರಷ್ಟು ಸೋಲುವ ಭಾಗ ಇನ್ನೊಂದಿಲ್ಲ. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿ ಅಂದಿನಿಂದ ಎಷ್ಟೋ ಸುಧಾರಿಸಿದೆ. ಆದರೆ ಬಿಸಿಗೆ ಹೆದರುವ ಅದರ ಗುಣ ಹತ್ತು ಸಾವಿರ ರೂಪಾಯಿಯ ಫೋನಿನಲ್ಲೂ ಲಕ್ಷ ರೂಪಾಯಿಯ ಫೋನಿನಲ್ಲೂ ಒಂದೇ. ಒಳಗಿನ ಎಲೆಕ್ಟ್ರೋಲೈಟ್ ಎಂಬ ದ್ರಾವಣ ಬಿಸಿಯಾದಷ್ಟೂ ಬೇಗ ವಿಘಟನೆಗೊಂಡು ಅನಿಲ ಬಿಡುತ್ತದೆ, ಬ್ಯಾಟರಿ ಪೂರ್ತಿ ತುಂಬಿದ್ದರೆ ವೋಲ್ಟೇಜ್ ಹೆಚ್ಚಿರುವುದರಿಂದ ಆ ಕ್ರಿಯೆ ಇನ್ನಷ್ಟು ಚುರುಕಾಗುತ್ತದೆ. ಹೊರಗೆ ಹೋಗಲು ದಾರಿಯಿಲ್ಲದ ಆ ಅನಿಲವೇ ಬ್ಯಾಟರಿಯನ್ನು ಉಬ್ಬಿಸಿ, ಹಿಂದಿನ ಕವರನ್ನೋ ಮುಂದಿನ ಡಿಸ್ಪ್ಲೇಯನ್ನೋ ಎಬ್ಬಿಸುತ್ತದೆ. ಆ್ಯಪಲ್ ಕಂಪನಿಯು ತನ್ನ ಫೋನುಗಳನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ ಬಳಸಬೇಕೆಂದು ಬರೆದೇ ಇಟ್ಟಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆ ನೆರಳಿನಲ್ಲೇ ಆ ಮಿತಿ ಮುಗಿದುಹೋಗಿರುತ್ತದೆ. ಅದರ ಮೇಲೆ ಬೈಕಿನ ಹ್ಯಾಂಡಲ್ಲಿಗೆ ಫೋನು ಸಿಗಿಸಿ ಮ್ಯಾಪ್ ಹಾಕಿಕೊಂಡು ಮಧ್ಯಾಹ್ನ ಊರೂರು ತಿರುಗುವವರಿದ್ದಾರೆ, ಮಹಾಲಿಂಗಪುರದ ಕಡೆ ಬೆಲ್ಲದ ಗಾಣದಲ್ಲಿ ಕುದಿಯುವ ಕಡಾಯಿಯ ಪಕ್ಕದಲ್ಲೇ ಹಾಡು ಹಚ್ಚಿ ಫೋನನ್ನು ಚಾರ್ಜಿಗೆ ಇಡುವವರಿದ್ದಾರೆ. ಇಂಥ ಫೋನಿನ ಬ್ಯಾಟರಿ ಎರಡನೆಯ ಬೇಸಿಗೆಯಲ್ಲಿ ಉಬ್ಬಿದರೆ ಅದಕ್ಕೆ ಕಂಪನಿಯನ್ನು ಬೈಯುವುದು ನ್ಯಾಯವಲ್ಲ. ಉಬ್ಬಿದ ಬ್ಯಾಟರಿಯನ್ನು ಒತ್ತಿ ಕೂರಿಸಲು ಹೋಗಬಾರದು, ಚುಚ್ಚಲೇಬಾರದು, ಮತ್ತೆ ಚಾರ್ಜಿಗೂ ಹಾಕಬಾರದು. ಫೋನನ್ನು ಆಫ್ ಮಾಡಿ ಅಂಗಡಿಗೆ ತರುವುದೊಂದೇ ದಾರಿ.

ಚಾರ್ಜಿಂಗ್ ವೇಗದ ಪೈಪೋಟಿಯೂ ಇದಕ್ಕೆ ಸೇರಿದ್ದೇ. ನನ್ನದು 80 ವ್ಯಾಟ್, ನಿನ್ನದು ಬರೀ 25 ಎಂದು ಹುಡುಗರು ಹೇಳಿಕೊಳ್ಳುವ ಸಂಖ್ಯೆ ಚಾರ್ಜಿಂಗಿನ ಆರಂಭದ ಕೆಲವು ನಿಮಿಷಗಳ ಗರಿಷ್ಠ ಮಟ್ಟ ಮಾತ್ರ. ಬ್ಯಾಟರಿ ತುಂಬುತ್ತ ಬಂದಂತೆ, ಅಥವಾ ಬಿಸಿ ಏರಿದಂತೆ, ಫೋನೇ ಕರೆಂಟನ್ನು ತಗ್ಗಿಸುತ್ತದೆ. ಮೇ ತಿಂಗಳ ಮಧ್ಯಾಹ್ನ ಪತ್ರಾಸಿನ ಮನೆಯಲ್ಲಿ ಆ ಎರಡೂ ಫೋನುಗಳ ನಡುವಿನ ಅಂತರ ಡಬ್ಬದ ಮೇಲೆ ಬರೆದಷ್ಟು ಇರುವುದಿಲ್ಲ. ಫಾಸ್ಟ್ ಚಾರ್ಜರ್ ಬ್ಯಾಟರಿಯನ್ನು ತಿಂದುಹಾಕುತ್ತದೆ ಎಂಬ ಎದುರು ಪಕ್ಷದ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಹೆಚ್ಚು ವ್ಯಾಟಿನ ಹಲವು ಫೋನುಗಳಲ್ಲಿ ಬ್ಯಾಟರಿಯನ್ನು ಎರಡು ಸೆಲ್ಲುಗಳಾಗಿ ಮಾಡಿ ಹೊರೆಯನ್ನು ಹಂಚಿರುತ್ತಾರೆ. ದಪ್ಪ ಕವರ್ ಹಾಕಿ, ದಿಂಬಿನ ಕೆಳಗೆ ಇಟ್ಟು, ಚಾರ್ಜಿನಲ್ಲಿದ್ದಾಗಲೇ ಗೇಮ್ ಆಡುವುದರಿಂದ ಆಗುವ ಹಾನಿ ಚಾರ್ಜರಿನ ವ್ಯಾಟಿನಿಂದ ಆಗುವ ಹಾನಿಗಿಂತ ಹೆಚ್ಚು. ಐಫೋನ್ 15 ಮತ್ತು ಅದರ ನಂತರದವುಗಳಲ್ಲಿ, ಸ್ಯಾಮ್ಸಂಗ್‌ನ ಈಚಿನ ಬಹಳಷ್ಟು ಮಾಡೆಲ್‌ಗಳಲ್ಲಿ ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ. ಬೇಸಿಗೆಯ ಮಟ್ಟಿಗಾದರೂ ಅದನ್ನು ಆನ್ ಮಾಡಿಡುವುದು ಒಳ್ಳೆಯದು.

ಹೊಸ ಮಾಡೆಲ್ ಮಾರಲಿಕ್ಕಾಗಿ ಕಂಪನಿಯವರೇ ಹಳೆಯ ಫೋನನ್ನು ನಿಧಾನ ಮಾಡುತ್ತಾರೆ ಎಂಬ ದೂರಿನಲ್ಲಿ ಅರ್ಧ ನಿಜವಿದೆ. ಹಳೆಯದಾದ ಬ್ಯಾಟರಿಯ ಒಳಗಿನ ಪ್ರತಿರೋಧ ಹೆಚ್ಚುತ್ತದೆ. ಪ್ರೊಸೆಸರ್ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು, ಶೇಕಡಾ 30 ತೋರಿಸುತ್ತಿದ್ದ ಫೋನು ತಟ್ಟನೆ ಆಫ್ ಆಗುತ್ತದೆ. ಇದನ್ನು ತಪ್ಪಿಸಲು ಆ್ಯಪಲ್ ತನ್ನ ಹಳೆಯ ಫೋನುಗಳ ವೇಗವನ್ನು ಸಾಫ್ಟ್‌ವೇರ್ ಮೂಲಕ ತಗ್ಗಿಸಿತ್ತು, 2017ರ ಡಿಸೆಂಬರಿನಲ್ಲಿ ಅದನ್ನು ಒಪ್ಪಿಕೊಂಡಿತು. ತಾಂತ್ರಿಕವಾಗಿ ಆ ಕ್ರಮಕ್ಕೆ ಕಾರಣವಿತ್ತು; ಗಿರಾಕಿಗೆ ಹೇಳದೆ ಮಾಡಿದ್ದು ತಪ್ಪು. ಬ್ಯಾಟರಿ ಬದಲಿಸಿದ್ದರೆ ಸರಿಹೋಗುತ್ತಿದ್ದ ಫೋನನ್ನು ಎಷ್ಟೋ ಜನ ಅದು ತಿಳಿಯದೆ ಮಾರಿಬಿಟ್ಟರು. 2018ರಲ್ಲಿ ಬಂದ ಐಫೋನಿನ ಸಾಫ್ಟ್‌ವೇರ್ ಐಓಎಸ್ 11.3ರಿಂದ ಈಚೆಗೆ ಬ್ಯಾಟರಿಯ ಆರೋಗ್ಯ ಸೆಟ್ಟಿಂಗ್ಸ್‌ನಲ್ಲೇ ಕಾಣುತ್ತದೆ. ಆಂಡ್ರಾಯ್ಡ್ ಕಂಪನಿಗಳು ಇದನ್ನು ಎಲ್ಲ ಮಾಡೆಲ್‌ಗಳಲ್ಲೂ ಅಷ್ಟು ಸಲೀಸಾಗಿ ತೋರಿಸುವುದಿಲ್ಲ ಎಂಬುದು ನನ್ನ ಹಳೆಯ ತಕರಾರು.

ಚಾರ್ಜಿಂಗ್ ಜ್ಯಾಕಿನದು ಇನ್ನೊಂದು ಕತೆ. ರಬಕವಿ, ಬನಹಟ್ಟಿಯ ನೇಕಾರರು ಫೋನು ತಂದು, "ಅಣ್ಣಾರ, ಪಿನ್ ಸಡಲ ಆಗೇತ್ರಿ, ಜ್ಯಾಕ್ ಬದಲ ಮಾಡಿಕೊಡ್ರಿ" ಎನ್ನುತ್ತಾರೆ. ದೀಪದ ಕೆಳಗೆ ಭೂತಗನ್ನಡಿ ಹಿಡಿದರೆ ಜ್ಯಾಕ್ ಗಟ್ಟಿಯಾಗಿಯೇ ಇರುತ್ತದೆ. ಮಗ್ಗದ ಮನೆಯ ನೂಲಿನ ಧೂಳು ತೆರೆದ ಕಿಂಡಿಯೊಳಗೆ ಹೊಕ್ಕು, ಪ್ರತಿ ಸಲ ಕೇಬಲ್ ಚುಚ್ಚಿದಾಗಲೂ ತಳಕ್ಕೆ ಒತ್ತಿಕೊಂಡು, ಬೂದು ಬಣ್ಣದ ಗಟ್ಟಿ ಪದರಾಗಿ ಕುಳಿತಿರುತ್ತದೆ. ಅದರಿಂದ ಕೇಬಲ್ಲು ಪೂರ್ತಿ ಒಳಗೆ ಕೂರದೆ ಅಲುಗಾಡುತ್ತದೆ. ಫೋನನ್ನು ಆಫ್ ಮಾಡಿ, ಸಣ್ಣ ಮರದ ಕಡ್ಡಿಯಿಂದ ಅಂಚಿನ ಗುಂಟ ನಿಧಾನವಾಗಿ ಎಬ್ಬಿಸಿದರೆ ಆ ಪದರು ಇಡಿಯಾಗಿ ಎದ್ದು ಬರುತ್ತದೆ, ಜ್ಯಾಕ್ ಬದಲಿಸುವ ಖರ್ಚು ಉಳಿಯುತ್ತದೆ. ಇದನ್ನೇ ಮನೆಯಲ್ಲಿ ಟಾಚಣಿಯಿಂದ ಮಾಡಲು ಹೋದವರು ಮಾತ್ರ ನಿಜವಾಗಿಯೂ ಜ್ಯಾಕ್ ಕೆಡಿಸಿಕೊಂಡು ಬರುತ್ತಾರೆ. ಟೈಪ್-ಸಿ ಜ್ಯಾಕಿನಲ್ಲಿ ಸಂಪರ್ಕದ ಪಟ್ಟಿಗಳಿರುವ ಸಣ್ಣ ನಾಲಿಗೆ ಫೋನಿನ ಒಳಗೇ ಇರುತ್ತದೆ. ಲೋಹ ತಾಗಿದರೆ ಅದು ಸೀಳುತ್ತದೆ ಅಥವಾ ಶಾರ್ಟ್ ಆಗುತ್ತದೆ. ಐಫೋನಿನ ಹಳೆಯ ಲೈಟ್ನಿಂಗ್ ಜ್ಯಾಕಿನಲ್ಲಿ ಪಟ್ಟಿಗಳಿದ್ದ ಭಾಗ ಕೇಬಲ್ಲಿನ ಕಡೆ ಇತ್ತು, ಆದ್ದರಿಂದ ಮುರಿದರೂ ಹೆಚ್ಚಾಗಿ ಕೇಬಲ್ಲೇ ಮುರಿಯುತ್ತಿತ್ತು. ಆ ಒಂದು ವಿಷಯದಲ್ಲಿ ಐಫೋನಿನವರ ವಾದ ಸರಿಯಾಗಿತ್ತು. ಯುರೋಪಿನ ಒಕ್ಕೂಟವು ಎಲ್ಲ ಫೋನುಗಳಿಗೂ ಟೈಪ್-ಸಿ ಕಡ್ಡಾಯವೆಂದು ಕಾನೂನು ಮಾಡಿದ ಮೇಲೆ, 2023ರ ಐಫೋನ್ 15ರಿಂದ ಆ ಜಗಳವೂ ಮುಗಿಯಿತು. ಒಂದೇ ಕೇಬಲ್ಲಿನಲ್ಲಿ ಮನೆಮಂದಿಯ ಫೋನೆಲ್ಲ ಚಾರ್ಜ್ ಆಗುವ ಅನುಕೂಲ ನನಗೆ ದೊಡ್ಡದಾಗಿ ಕಾಣುತ್ತದೆ.

ಫೋನು ತೆವಳುತ್ತದೆ ಎಂಬ ದೂರಿಗೆ ಪ್ರೊಸೆಸರಿಗಿಂತ ಸ್ಟೋರೇಜ್ ಹೆಚ್ಚು ಹೊಣೆ. ಅಗ್ಗದ ಫೋನುಗಳಲ್ಲಿ ಇಎಂಎಂಸಿ ಎಂಬ ಬಗೆಯ ಸ್ಟೋರೇಜ್ ಇರುತ್ತದೆ, ಅದು ಏಕಕಾಲಕ್ಕೆ ಓದುವ ಕೆಲಸವನ್ನೋ ಬರೆಯುವ ಕೆಲಸವನ್ನೋ ಒಂದನ್ನು ಮಾತ್ರ ಮಾಡಬಲ್ಲದು. ಯುಎಫ್ಎಸ್ ಎಂಬುದು ಎರಡನ್ನೂ ಒಟ್ಟಿಗೆ ಮಾಡುತ್ತದೆ. ಹನ್ನೆರಡು, ಹದಿಮೂರು ಸಾವಿರದ ಎರಡು ಫೋನುಗಳ ನಡುವೆ ಆರಿಸುವಾಗ ಯಾವ ಚಿಪ್ ಎಂದು ಕೇಳುವುದಕ್ಕಿಂತ ಸ್ಟೋರೇಜ್ ಯಾವ ಬಗೆಯದು ಎಂದು ಕೇಳುವುದು ಜಾಣತನ. ಬಗೆ ಯಾವುದೇ ಇರಲಿ, ಅದನ್ನು ಕಂಠಮಟ್ಟ ತುಂಬಿಸಿದರೆ ಫೋನು ನಿಧಾನವಾಗುತ್ತದೆ. ಫ್ಲ್ಯಾಷ್ ಮೆಮೊರಿಯಲ್ಲಿ ಹಳೆಯದರ ಮೇಲೆ ನೇರವಾಗಿ ಹೊಸದನ್ನು ಬರೆಯಲು ಬರುವುದಿಲ್ಲ. ಒಂದು ಇಡೀ ಬ್ಲಾಕನ್ನು ಖಾಲಿ ಮಾಡಿಯೇ ಬರೆಯಬೇಕು. ಬಾಗಿಲವರೆಗೆ ಚೀಲ ಒಟ್ಟಿದ ಎಪಿಎಂಸಿ ಗೋದಾಮಿನಲ್ಲಿ ಒಳಗಿನದೊಂದು ಚೀಲ ತೆಗೆಯಬೇಕಾದರೆ ಮುಂದಿನವನ್ನು ಇಡಲು ಎಲ್ಲಿಯಾದರೂ ಜಾಗ ಬೇಕಲ್ಲವೇ, ಹಾಗೆಯೇ ಇದು. ವಾಟ್ಸ್‌ಆ್ಯಪಿನಲ್ಲಿ ಬರುವ ಶುಭೋದಯದ ಚಿತ್ರಗಳನ್ನು ಮತ್ತು ಗ್ರೂಪಿನ ವಿಡಿಯೊಗಳನ್ನು ಅಳಿಸಿ, ಹತ್ತು ಹದಿನೈದು ಜಿಬಿ ಖಾಲಿ ಬಿಟ್ಟರೆ ಅರ್ಧ ದೂರು ಅಲ್ಲಿಗೇ ನಿಲ್ಲುತ್ತದೆ. ಡಬ್ಬದ ಮೇಲೆ "8+8 ಜಿಬಿ ರ್‍ಯಾಮ್" ಎಂದು ಬರೆದಿರುವುದನ್ನು ನೋಡಿ 16 ಜಿಬಿ ಎಂದು ನಂಬುವವರಿಗೂ ಒಂದು ಮಾತು ಹೇಳಬೇಕು. ರ್‍ಯಾಮ್ ಎಂದರೆ ನಡೆಯುತ್ತಿರುವ ಕೆಲಸಕ್ಕೆ ಬೇಕಾದ ವೇಗದ ತಾತ್ಕಾಲಿಕ ಮೆಮೊರಿ. ಎರಡನೆಯ ಎಂಟು ರ್‍ಯಾಮ್ ಅಲ್ಲ, ಸ್ಟೋರೇಜಿನಿಂದಲೇ ಎರವಲು ಪಡೆದ ಜಾಗ, ವೇಗದಲ್ಲಿ ಅದು ರ್‍ಯಾಮ್‌ನ ಹತ್ತಿರಕ್ಕೂ ಬರುವುದಿಲ್ಲ. ಅದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಮೆಗಾಪಿಕ್ಸೆಲ್ ಪೈಪೋಟಿಯ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. 200 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಮಾನ್ಯವಾಗಿ ಹದಿನಾರು ಪಿಕ್ಸೆಲ್‌ಗಳನ್ನು ಒಂದಾಗಿಸಿ 12.5 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತದೆ, 50ರದು ನಾಲ್ಕನ್ನು ಒಂದಾಗಿಸಿ ಅಷ್ಟನ್ನೇ ಕೊಡುತ್ತದೆ.

ಡಿಸ್ಪ್ಲೇ ಮತ್ತು ಬಿಡಿಭಾಗಗಳ ವಿಷಯದಲ್ಲಿ ಮಾತ್ರ ಕಂಪನಿ ಕಂಪನಿಗೆ ನಿಜವಾದ ವ್ಯತ್ಯಾಸವಿದೆ. ಆದರೆ ಆ ವ್ಯತ್ಯಾಸ ಜಾಹೀರಾತಿನಲ್ಲಿ ಕಾಣುವುದಿಲ್ಲ. ವರ್ಷಕ್ಕೆ ಹತ್ತಾರು ಮಾಡೆಲ್ ಬಿಡುವ ಕಂಪನಿಯ ಫೋನಿಗೆ ಎರಡು ವರ್ಷದ ನಂತರ ಡಿಸ್ಪ್ಲೇ ಹುಡುಕುವುದು ಕಷ್ಟ. ಬೆಳಗಾವಿ, ಹುಬ್ಬಳ್ಳಿ ಅಥವಾ ಸೊಲ್ಲಾಪುರದಿಂದ ತರಿಸಬೇಕು, ತರಿಸಿದರೂ ಬರುವುದು ಒರಿಜಿನಲ್ಲೋ ಕಾಪಿಯೋ ಎಂಬ ಚಿಂತೆ ಬೇರೆ. ಹಿಂದಿನಿಂದ ದೀಪ ಬೇಡದೆ ತಾನೇ ಬೆಳಗುವ ಅಮೋಲೆಡ್ ಪರದೆಯ ಮಧ್ಯಮ ಬೆಲೆಯ ಫೋನುಗಳಲ್ಲಿ ಒರಿಜಿನಲ್ ಡಿಸ್ಪ್ಲೇಯ ಬೆಲೆ ಫೋನಿನ ಬೆಲೆಯ ಮೂರನೆಯ ಒಂದು ಪಾಲನ್ನು ಮುಟ್ಟುವುದುಂಟು. ಆಗ ಗಿರಾಕಿ ಅಗ್ಗದ ಎಲ್‌ಸಿಡಿ ಕಾಪಿ ಹಾಕಿಸುತ್ತಾರೆ, ಮನೆಗೆ ಹೋದ ಮೇಲೆ ಪರದೆಯ ಮೇಲಿನ ಬೆರಳಚ್ಚು ಕೆಲಸ ಮಾಡುವುದಿಲ್ಲವೆಂದು ತಿರುಗಿ ಬರುತ್ತಾರೆ. ಅದು ಜೋಡಣೆಯ ದೋಷವಲ್ಲ. ಆ ಸೆನ್ಸರ್ ಪರದೆಯ ಕೆಳಗಿನಿಂದ ಪರದೆಯ ಮೂಲಕವೇ ಬೆರಳನ್ನು ನೋಡುತ್ತದೆ. ಎಲ್‌ಸಿಡಿಯ ಹಿಂದಿನ ಬ್ಯಾಕ್‌ಲೈಟ್ ಪದರು ಅದಕ್ಕೆ ಅಡ್ಡ ಬರುತ್ತದೆ. ಕಾಪಿ ಹಾಕುವ ಮೊದಲೇ ಇದನ್ನು ಹೇಳುವುದು ರಿಪೇರಿಯವನ ಕರ್ತವ್ಯವೆಂದು ನಾನು ತಿಳಿದಿದ್ದೇನೆ. ಐಫೋನಿನ ಕಷ್ಟ ಬೇರೆ ಬಗೆಯದು. ಅದರ ಬಿಡಿಭಾಗಗಳು ಊರಿನಲ್ಲಿ ಸುಲಭವಾಗಿ ಸಿಗುತ್ತವೆ, ಏಕೆಂದರೆ ಮಾಡೆಲ್‌ಗಳು ಕಡಿಮೆ ಮತ್ತು ಬಳಸುವವರು ವರ್ಷಗಟ್ಟಲೆ ಬಳಸುತ್ತಾರೆ. ಆದರೆ ಕಂಪನಿಯದಲ್ಲದ ಡಿಸ್ಪ್ಲೇ ಅಥವಾ ಬ್ಯಾಟರಿ ಹಾಕಿದರೆ ಇದು ಗೊತ್ತಿಲ್ಲದ ಭಾಗ ಎಂದು ಫೋನೇ ಸಾರಿಬಿಡುತ್ತದೆ. ರಿಪೇರಿಯವರು ಇದನ್ನು ಬೈಯುತ್ತಾರೆ. ಸೆಕೆಂಡ್‌ ಹ್ಯಾಂಡ್ ಕೊಳ್ಳುವವರಿಗೆ ಇದು ವರವೆಂದು ನಾನು ಹೇಳುತ್ತೇನೆ.

ನೀರಿನ ವಿಷಯದಲ್ಲಿ, ಧೂಳು ಮತ್ತು ನೀರನ್ನು ತಡೆಯುವ ಮಟ್ಟ ತಿಳಿಸುವ ಐಪಿ68 ಎಂಬ ಗುರುತನ್ನು ಜನ ಅತಿಯಾಗಿ ನಂಬುತ್ತಾರೆ. ಆ ಪರೀಕ್ಷೆ ಹೊಸ ಫೋನಿನ ಮೇಲೆ, ನಿಂತ ಸಿಹಿ ನೀರಿನಲ್ಲಿ ನಡೆಯುತ್ತದೆ. ಒಮ್ಮೆ ಬಿದ್ದು ಅಂಚು ಬಾಗಿದ ಅಥವಾ ರಿಪೇರಿಗೆ ಬಿಚ್ಚಿದ ಫೋನಿನ ಅಂಟು ಮೊದಲಿನಂತೆ ಇರುವುದಿಲ್ಲ. ನೀರು ಹೊಕ್ಕಿದ್ದಕ್ಕೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ. ಒದ್ದೆಯಾದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂಳುವ ಪದ್ಧತಿಯನ್ನು ಇನ್ನಾದರೂ ಬಿಡಬೇಕು. ಅಕ್ಕಿಯ ಪುಡಿ ಜ್ಯಾಕಿನೊಳಗೆ ಸೇರುತ್ತದೆ, ಒಳಗಿನ ಬೋರ್ಡಿನ ನೀರು ಅಲ್ಲಿಯೇ ಉಳಿದು ತುಕ್ಕು ಹಿಡಿಸುತ್ತದೆ.

ಸಾಫ್ಟ್‌ವೇರ್ ಅಪ್‌ಡೇಟ್ ವಿಷಯದಲ್ಲಿ ಹಳೆಯ ತಕ್ಕಡಿ ಈಗ ಬದಲಾಗಿದೆ. ಆಂಡ್ರಾಯ್ಡ್ ಎಂದರೆ ಎರಡು ವರ್ಷದ ಬಾಳು ಎಂಬ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, 2024ರ ಜನವರಿಯಲ್ಲಿ ಸ್ಯಾಮ್ಸಂಗ್ ತನ್ನ ಎಸ್24 ಸಾಲಿಗೆ ಏಳು ವರ್ಷಗಳ ಅಪ್‌ಡೇಟ್ ಘೋಷಿಸಿದವು. ಆದರೆ ನಮ್ಮೂರಿನಲ್ಲಿ ಹೆಚ್ಚು ಮಾರಾಟವಾಗುವ ಫೋನುಗಳು ಆ ಬೆಲೆಯವಲ್ಲ, ಅವುಗಳ ಗಡುವು ಮಾಡೆಲಿನಿಂದ ಮಾಡೆಲಿಗೆ ಬೇರೆ. ಬ್ಯಾಂಕಿನ ಆ್ಯಪ್ ಮತ್ತು ಯುಪಿಐ ನಂಬಿ ವ್ಯವಹಾರ ಮಾಡುವ ಕಿರಾಣಿಯವರು ಕೊಳ್ಳುವ ಮೊದಲು ಕೇಳಬೇಕಾದದ್ದು ಆ ಮಾಡೆಲಿಗೆ ಸೆಕ್ಯುರಿಟಿ ಅಪ್‌ಡೇಟ್ ಎಂದಿನವರೆಗೆ ಬರುತ್ತದೆ ಎಂಬುದನ್ನು.

ಈಗ ಹೆಚ್ಚಾಗಿ ಬರುತ್ತಿರುವ ಇನ್ನೊಂದು ಪ್ರಶ್ನೆ, ಇಪ್ಪತ್ತೈದು ಸಾವಿರಕ್ಕೆ ಹೊಸ ಆಂಡ್ರಾಯ್ಡ್ ಕೊಳ್ಳುವುದೋ ಹಳೆಯ ಐಫೋನ್ ಕೊಳ್ಳುವುದೋ ಎಂಬುದು. ಹೊಲಕ್ಕೆ, ಮಗ್ಗಕ್ಕೆ, ದೂರದ ಓಡಾಟಕ್ಕೆ ಫೋನು ಬೇಕಾದವರು ದೊಡ್ಡ ಬ್ಯಾಟರಿಯ ಹೊಸ ಆಂಡ್ರಾಯ್ಡ್ ಕೊಳ್ಳಲಿ ಎಂದು ನಾನು ನೇರವಾಗಿ ಹೇಳುತ್ತೇನೆ, ಕೊಳ್ಳುವ ಮೊದಲು ಅದರ ಡಿಸ್ಪ್ಲೇ ಊರಿನಲ್ಲಿ ಸಿಗುತ್ತದೆಯೇ, ಎಷ್ಟಕ್ಕೆ ಸಿಗುತ್ತದೆ ಎಂದು ಯಾವುದಾದರೂ ರಿಪೇರಿ ಅಂಗಡಿಯಲ್ಲಿ ಕೇಳಲಿ. ಹಳೆಯ ಐಫೋನೇ ಬೇಕೆನ್ನುವವರು ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಆರೋಗ್ಯ ನೋಡಬೇಕು. ಐಫೋನ್ 14 ಮತ್ತು ಅದಕ್ಕೂ ಹಿಂದಿನವು 500 ಪೂರ್ತಿ ಚಾರ್ಜಿನ ಬಳಿಕ ಶೇಕಡಾ 80 ಉಳಿಯುವಂತೆ ರೂಪಿಸಿದವು, ಅದಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಮಾತಿನಲ್ಲಿ ಕಡಿತ ಮಾಡಿಸಿಕೊಳ್ಳಬೇಕು. ಅಬೌಟ್ ವಿಭಾಗದಲ್ಲಿ ಬದಲಿಸಿದ ಭಾಗಗಳ ವಿವರ ಇದೆಯೇ ಎಂದು ಓದಬೇಕು. *#06# ಒತ್ತಿದಾಗ ಬರುವ ಐಎಂಇಐ, ಅಂದರೆ ಆ ಫೋನಿಗೇ ಮೀಸಲಾದ ಗುರುತಿನ ಸಂಖ್ಯೆ, ಬಿಲ್ಲಿನ ಸಂಖ್ಯೆಗೆ ತಾಳೆಯಾಗಬೇಕು, ಮತ್ತು ಅದೇ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಹಾಕಿ ಫೋನು ಬ್ಲಾಕ್ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಹಣ ಕೊಡಬೇಕು. ಬಿಲ್ ಮನೆಯಲ್ಲಿದೆ, ನಾಳೆ ತಂದುಕೊಡುತ್ತೇನೆ ಎಂದು ಮಾರುವವರು ಹೇಳಿದರೆ, ಹಣವನ್ನೂ ನಾಳೆಯೇ ಕೊಡುತ್ತೇನೆ ಎಂದು ಹೇಳಿ ಬನ್ನಿ.