ಉಂಡ ಜೋಳಕ್ಕೆ ತಪ್ಪದವರು

ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿದೆ. ಅದರ ಮೇಲೆ ನಾಯಿಯೊಂದು ಕಾಡುಹಂದಿಯ ಜೊತೆ ಕಾದಾಡುತ್ತಿದೆ, ಸುತ್ತ ಹಳಗನ್ನಡದ ಅಕ್ಷರಗಳಿವೆ. ಕಲ್ಲು ಮಂಡ್ಯ ಜಿಲ್ಲೆಯ ಆತಕೂರಿನದು. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧವಾಗಿ, ಚೋಳ ರಾಜಕುಮಾರ ರಾಜಾದಿತ್ಯ ಸತ್ತ. ಕೃಷ್ಣನ ಪರ ಹೋರಾಡಿದ ಗಂಗರ ಬೂತುಗನ ಕಡೆಯಲ್ಲಿ ಮಣಲೆರ ಎಂಬ ವೀರನಿದ್ದ. ಅವನ ಹೋರಾಟ ಮೆಚ್ಚಿದ ಒಡೆಯ ‘ಬೇಡಿಕೋ’ ಎಂದಾಗ ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಸತ್ತವು. ನಾಯಿಗೆ ಕಲ್ಲು ನೆಟ್ಟು, ಅದಕ್ಕೆ ಭೂಮಿ ಬಿಟ್ಟು, ಪೂಜೆ ಮಾಡದೆ ಉಂಡ ಗೊರವನಿಗೆ, ಎಂದರೆ ಶೈವ ಪೂಜಾರಿಗೆ, ಪಾಪ ತಟ್ಟುತ್ತದೆ ಎಂದೂ ಬರೆಸಿದರು.

ನಾಯಿಗೂ ವೀರಗಲ್ಲೇ ಎಂದು ನಗು ಬರಬಹುದು. ಆ ಕಾಲದ ಲೆಕ್ಕದಲ್ಲಿ ಮಾತ್ರ ಕಾಳಿ ಮಾಡಿದ್ದಕ್ಕೂ ಕುರುಕ್ಷೇತ್ರದಲ್ಲಿ ಕರ್ಣ ಮಾಡಿದ್ದಕ್ಕೂ ಅಂಥ ದೂರವಿಲ್ಲ. ಇಬ್ಬರೂ ಅನ್ನ ಹಾಕಿದ ಕೈಗೆ ಜೀವ ತೆತ್ತವರು. ಈ ಕಲ್ಲು ನೆಡುವ ಕೆಲವೇ ವರ್ಷ ಮೊದಲು, 941ರ ಹೊತ್ತಿಗೆ, ಅದೇ ರಾಷ್ಟ್ರಕೂಟರ ಇನ್ನೊಬ್ಬ ಸಾಮಂತನಾದ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದಿದ್ದ.

ಕಾವ್ಯಕ್ಕೆ ಬರುವ ಮೊದಲು ಕಲ್ಲುಗಳ ಕಡೆ ಇನ್ನೊಂದಿಷ್ಟು ನೋಡಬೇಕು, ಏಕೆಂದರೆ ಕನ್ನಡದಲ್ಲಿ ವೀರದ ಮಾತು ಮೊದಲು ಮೂಡಿದ್ದೇ ಕಲ್ಲಿನ ಮೇಲೆ. ಐದನೆಯ ಶತಮಾನದ್ದೆನ್ನುವ ಹಲ್ಮಿಡಿ ಶಾಸನವನ್ನು ನಾವು ಕನ್ನಡದ ಹುಟ್ಟಿನ ದಾಖಲೆಯೆಂಬಂತೆ ಶಾಲೆಯಲ್ಲಿ ಓದುತ್ತೇವೆ. ಅದು ಹೇಳುವ ಸಂಗತಿ ಏನೆಂದು ಯಾರೂ ಅಷ್ಟಾಗಿ ಕೇಳುವುದಿಲ್ಲ. ಯುದ್ಧದಲ್ಲಿ ಗೆದ್ದುಬಂದ ವಿಜ ಅರಸನಿಗೆ ‘ಬಾಳ್ಗಳ್ಚು’ ಕೊಟ್ಟರು ಎಂಬುದು ಅದರ ವಿಷಯ. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆಯುವುದು. ನೆತ್ತರಾದ ಕತ್ತಿ ತೊಳೆದು ಕೊಡುವ ಭೂಮಿ ಅದು. ಐನೂರು ವರ್ಷ ಕಳೆದ ಮೇಲೆ ಮಣಲೆರನಿಗೆ ಆತಕೂರು ಸಿಕ್ಕಿದ್ದೂ ಬಾಳ್ಗಚ್ಚಾಗಿಯೇ. ಸತ್ತವನ ಮನೆಯವರಿಗೆ ಕೊಟ್ಟರೆ ಅದು ನೆತ್ತರುಗೊಡಗೆ. ಮಾನಕ್ಕೆ ಹೀಗೆ ಗದ್ದೆ ಹೊಲಗಳ ಲೆಕ್ಕವೂ ಇತ್ತು. ತುರು ಕಾಯಲು, ಊರು ಉಳಿಸಲು, ಹೆಣ್ಣುಮಕ್ಕಳ ಮೇಲೆ ಕೈಮಾಡಿದವರನ್ನು ತಡೆಯಲು ಹೋಗಿ ಸತ್ತ ಸಾಮಾನ್ಯರ ಕಲ್ಲುಗಳು ಇಂದಿಗೂ ಹಳ್ಳಿಗಳ ಕೆರೆ ಏರಿಯ ಮೇಲೆ, ಬೇಲಿಯ ಮಗ್ಗುಲಲ್ಲಿ ಸಿಗುತ್ತವೆ. ಹಲವು ಕಡೆ ಅದರ ಮೇಲೆ ಬಟ್ಟೆ ಒಗೆಯುತ್ತಾರೆ.

ಬಾದಾಮಿಯ ಬಂಡೆಯ ಮೇಲೆ ಸುಮಾರು 700ರ ಕಪ್ಪೆ ಅರಭಟ್ಟನ ಶಾಸನವಿದೆ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ’ ಎಂಬ ತ್ರಿಪದಿ ಎಲ್ಲರಿಗೂ ಗೊತ್ತು. ಜೊತೆಗಿರುವ ಸಂಸ್ಕೃತ ಶ್ಲೋಕ ಅಷ್ಟು ಪ್ರಸಿದ್ಧವಲ್ಲ. ಸಾವಿನ ನೋವು ಒಂದು ಗಳಿಗೆಯದು, ಮಾನ ಮುರಿದ ನೋವು ದಿನದಿನದ್ದು ಎನ್ನುತ್ತದೆ ಅದು. ಮುಂದೆ ಬಂದ ಮಹಾಕಾವ್ಯಗಳ ಬೀಜ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಆ ಕಾಲದ ಮಾನಕ್ಕೆ ಎರಡು ಹೆಸರಿದ್ದವು. ಒಂದು ಜೋಳವಾಳಿ, ಪಂಪನ ಬಾಯಲ್ಲಿ ‘ಜೋಳದ ಪಾಳಿ’. ಉಂಡ ಜೋಳದ ಋಣ ತೀರಿಸುವ ಕಟ್ಟಳೆ ಅದು. ಇನ್ನೊಂದು ವೇಳೆವಾಳಿ. ಒಡೆಯನಿಗೆ ಕಷ್ಟದ ವೇಳೆ ಬಂದಾಗ, ಅವನು ಸತ್ತಾಗಲೂ, ತಾನೂ ಪ್ರಾಣ ಕೊಡುತ್ತೇನೆಂದು ಮೊದಲೇ ಮಾಡಿಟ್ಟ ಭಾಷೆ. ಮೊದಲನೆಯದನ್ನು ಕೊಟ್ಟು ತೀರಿಸಬಹುದು. ಎರಡನೆಯದಕ್ಕೆ ಜೀವವೇ ಬೆಲೆ. ಎಂ. ಚಿದಾನಂದಮೂರ್ತಿ ತಮ್ಮ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಈ ಪದಗಳನ್ನು ಹೆಕ್ಕಿ ಜೋಡಿಸಿ ತೋರಿಸಿದ ಮೇಲೆ ಹಳಗನ್ನಡ ಕಾವ್ಯಗಳನ್ನು ಓದುವ ಬಗೆಯೇ ಬದಲಾಯಿತು.

ಪಂಪನ ಕರ್ಣನನ್ನು ಈ ಬೆಳಕಿನಲ್ಲಿ ನೋಡಬೇಕು. ಸಂಧಾನ ಮುರಿದ ಮೇಲೆ ಕೃಷ್ಣ ಅವನಿಗೆ ಹುಟ್ಟಿನ ಗುಟ್ಟು ಹೇಳಿ ಪಾಂಡವರ ಕಡೆಗೆ ಕರೆಯುತ್ತಾನೆ. ಬಂದರೆ ರಾಜ್ಯವೇ ಅವನದು. ಕರ್ಣ ಧರ್ಮಶಾಸ್ತ್ರ ಎತ್ತುವುದಿಲ್ಲ, ಒಂದು ಗಳಿಗೆಯನ್ನು ನೆನೆಯುತ್ತಾನೆ. ದುರ್ಯೋಧನನ ಹೆಂಡತಿ ಭಾನುಮತಿ ಪಗಡೆಯಾಟದಲ್ಲಿ ಸೋತಿದ್ದಾಳೆ. ಪಣ ಕೊಡು ಎಂದು ಕಾಡುವಾಗ ಅವಳ ಹಾರ ಹರಿದು ಮುತ್ತುಗಳು ಚೆಲ್ಲಾಡಿವೆ. ದುರ್ಯೋಧನನ ಮನಸ್ಸಿನಲ್ಲಿ ಯಾವ ಕಹಿಯೂ ಇಲ್ಲ, ಅವನ ಬಾಯಿಂದ ಬಂದದ್ದು ‘ಇವನ್ನು ಆಯ್ದುಕೊಡಲೇ?’ ಎಂಬ ಮಾತು. ‘ಭೂಪೋತ್ತಮನಂ ಬಿಸುಟ್ಟಿರದೆ ನಿಮ್ಮೊಳೆ ಪೊಕ್ಕೊಡೆ ಬೇಡನಲ್ಲನೇ’ ಎನ್ನುತ್ತಾನೆ ಕರ್ಣ. ಅಂಥವನನ್ನು ಬಿಟ್ಟು ನಿಮ್ಮೊಳಗೆ ಸೇರಿದರೆ ನಾನು ಬೇಡನಲ್ಲವೇ? ಹಾರ ಎಳೆದದ್ದು ಯಾರು ಎಂಬುದರ ಬಗ್ಗೆ ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ಅದು ಹೇಗೇ ಇರಲಿ, ರಾಜ್ಯವೊಂದನ್ನು ತೂಗುವಾಗ ಕರ್ಣ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಟ್ಟದ್ದು ನೆಲದ ಮೇಲೆ ಬಿದ್ದ ಮುತ್ತುಗಳನ್ನು.

ಪಂಪನ ಪಾಡು ಇಕ್ಕಟ್ಟಿನದು. ಅವನು ಅರಿಕೇಸರಿಯನ್ನೇ ಅರ್ಜುನನೆಂದು ಕಾವ್ಯ ಕಟ್ಟಿದ. ಧರ್ಮವುರ ಎಂಬ ಅಗ್ರಹಾರವನ್ನು ಪಡೆದ. ತಾನೂ ಕತ್ತಿ ಹಿಡಿದವನು, ತಾನೂ ಒಡೆಯನ ಜೋಳ ಉಂಡವನು. ಹಾಗಿದ್ದೂ ಕರ್ಣ ಸತ್ತಾಗ ‘ನೆನೆಯದಿರಣ್ಣ ಭಾರತದೊಳಿಂ ಪೆರರಾರುಮನೊಂದೆ ಚಿತ್ತದಿಂ ನೆನೆವೊಡೆ ಕರ್ಣನಂ ನೆನೆಯ’ ಎಂದುಬಿಟ್ಟ. ಕಾವ್ಯದ ಕೊನೆಯಲ್ಲಿ ಭಾರತದ ವೀರರ ಪಟ್ಟಿ ಕೊಡುವಾಗಲೂ ಮೊದಲ ಹೆಸರು ದುರ್ಯೋಧನನದು: ‘ಚಲದೊಳ್ ದುರ್ಯೋಧನಂ’. ಕಥಾನಾಯಕ ಅರ್ಜುನನ ಸರದಿ ಬರುವಾಗ ಪದ್ಯ ಅರ್ಧಕ್ಕಿಂತ ಹೆಚ್ಚು ಮುಗಿದಿರುತ್ತದೆ. ಗೆದ್ದವನು ಪೋಷಕ, ಸೋತವನು ನೆಚ್ಚಿನವನು. ಕುಲದ ಮಾತು ಬಂದಾಗಲೂ ಹಾಗೆಯೇ. ಭೀಷ್ಮನಿಗೆ ಸೇನಾಧಿಪತ್ಯ ಕಟ್ಟುವ ಹೊತ್ತಿನಲ್ಲಿ ದ್ರೋಣ ಕರ್ಣನ ಹುಟ್ಟನ್ನು ಎತ್ತಿ ಆಡುತ್ತಾನೆ. ‘ಕುಲಂ ಕುಲಮಲ್ತು, ಚಲಂ ಕುಲಂ, ಗುಣಂ ಕುಲಂ, ಅಭಿಮಾನಮೊಂದೆ ಕುಲಂ’ ಎಂದು ಕರ್ಣ ತಿರುಗಿಸಿ ಕೊಡುವಾಗ, ಜಾತಿಯಿಂದ ಬಾರದ ಮಾನವನ್ನು ಕತ್ತಿಯಿಂದ ಗಳಿಸಿಕೊಂಡ ಆಳುಗಳೆಲ್ಲರ ದನಿ ಕೇಳಿಸುತ್ತದೆ.

ನಲವತ್ತು ವರ್ಷದ ನಂತರ, 982ರಲ್ಲಿ, ಮುಧೋಳದ ಬಳೆಗಾರರ ಮನೆಯ ರನ್ನ ಇನ್ನೂ ಮುಂದೆ ಹೋದ. ಅವನ ‘ಗದಾಯುದ್ಧ’ದ ನಾಯಕ ಹೆಸರಿಗೆ ಭೀಮ, ಎಂದರೆ ಚಾಲುಕ್ಯ ಸತ್ಯಾಶ್ರಯ. ಆದರೆ ಹದಿನೆಂಟನೆಯ ದಿನ ಹೆಣಗಳನ್ನು ತುಳಿಯುತ್ತ ನಡೆಯುವ ದುರ್ಯೋಧನನ ಹಿಂದೆಯೇ ಓದುಗನ ಮನಸ್ಸು ಹೋಗುತ್ತದೆ. ಅಭಿಮನ್ಯುವಿನ ದೇಹದ ಮುಂದೆ ನಿಂತು ಅವನು ಕೈಮುಗಿಯುತ್ತಾನೆ. ಮಗುವೆ, ನಿನ್ನ ಸಾಹಸದಲ್ಲಿ ಒಂದು ಪಾಲಿಗಾದರೂ ತಕ್ಕ ಸಾವು ನಮಗೆ ಬರಲಿ ಎನ್ನುತ್ತಾನೆ. ಕೊಲ್ಲಿಸಿದ ಪಕ್ಷದವನೇ ಸತ್ತ ಹುಡುಗನಲ್ಲಿ ಸಾವನ್ನು ಬೇಡುವ ಇಂಥ ಗಳಿಗೆ ಬೇರೆಡೆ ಸಿಗುವುದು ಕಷ್ಟ. ಸಂಧಿಯ ಮಾತು ಬಂದಾಗ ‘ನೆಲಕಿರಿವೆನೆಂದು ಬಗೆದಿರೆ, ಚಲಕಿರಿವೆಂ’ ಎನ್ನುತ್ತಾನೆ: ಕಾದುವುದು ನೆಲಕ್ಕಲ್ಲ, ಛಲಕ್ಕೆ. ಕರ್ಣನನ್ನು ಕೊಲ್ಲಿಸಿದ ನೆಲದ ಜೊತೆ ಮತ್ತೆ ಬಾಳುವೆ ಮಾಡುವುದುಂಟೇ ಎಂದು ಕೇಳುತ್ತಾನೆ. ಒಡೆಯನಾದವನೂ ಆಳಿಗೆ ಋಣಿ ಎಂಬುದು ಇಲ್ಲಿ ಹೊಸದು. ಪಂಪನಲ್ಲಿ ಕೆಳಗಿನಿಂದ ಮೇಲಕ್ಕೆ ಹರಿದ ಜೋಳವಾಳಿ ರನ್ನನಲ್ಲಿ ಮೇಲಿನಿಂದ ಕೆಳಕ್ಕೂ ಹರಿಯುತ್ತದೆ. ಕೊನೆಗೆ ವೈಶಂಪಾಯನ ಸರೋವರದಲ್ಲಿ ಅಡಗಿದವನಿಗೆ ದಡದಿಂದ ಭೀಮನ ಕೂಗು ಕೇಳುತ್ತದೆ. ಆಗ ಹಾವಿನ ಬಾವುಟದ ದುರ್ಯೋಧನನ ಬಗ್ಗೆ ರನ್ನ ಹೇಳುವುದು: ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’. ನೀರಿನೊಳಗೆ ಬೆವರು! ಭಯದ್ದಲ್ಲ, ಅಡಗಿದ ಅವಮಾನದ್ದು.

ಇಷ್ಟು ಹೊತ್ತಿ ಉರಿದ ಮೌಲ್ಯಕ್ಕೆ ಕಪ್ಪು ಮಗ್ಗುಲೂ ಇತ್ತು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಳಿ ಒಂದು ಕಂಬವಿದೆ. ಇಮ್ಮಡಿ ವೀರಬಲ್ಲಾಳ ಸತ್ತಾಗ, 1220ರ ಸುಮಾರಿಗೆ, ಅವನ ದಂಡನಾಯಕ ಕುವರ ಲಕ್ಷ್ಮ ‘ಗರುಡ’ನಾಗಿ, ಎಂದರೆ ಒಡೆಯನೊಡನೆ ಸಾಯುವ ಭಾಷೆ ಕೊಟ್ಟ ಆಳಾಗಿ, ಹೆಂಡತಿ ಸುಗ್ಗಲದೇವಿಯೊಡನೆ, ತನ್ನ ವೀರರೊಡನೆ ಪ್ರಾಣ ಬಿಟ್ಟ. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವವರ ಕೆತ್ತನೆಗಳಿವೆ. ಶಿಲ್ಪಿ ಅವರ ಮುಖದಲ್ಲಿ ನೋವು ತೋರಿಸಿಲ್ಲ. ಪ್ರವಾಸಿಗರು ಹೆಚ್ಚಾಗಿ ಅದನ್ನು ದಾಟಿ ಗುಡಿಯೊಳಗೆ ಹೋಗುತ್ತಾರೆ.

ಅದಕ್ಕೂ ಮೊದಲೇ, ಹನ್ನೆರಡನೆಯ ಶತಮಾನದಲ್ಲಿ, ಬಸವಣ್ಣ ಈ ಸೈನಿಕರ ಮಾತನ್ನು ಅನಾಮತ್ತಾಗಿ ಎತ್ತಿಕೊಂಡು ಬೇರೆ ಒಡೆಯನ ಮುಂದಿಟ್ಟಿದ್ದರು: ಜೋಳವಾಳಿಯವನು ನಾನಲ್ಲ, ವೇಳೆವಾಳಿಯವ ನಾನು, ಓಡಿಹೋಗುವ ಆಳಲ್ಲ, ‘ಮರಣವೇ ಮಹಾನವಮಿ’. ಒಡೆಯ ಇಲ್ಲಿ ಕೂಡಲಸಂಗಮದೇವ. ಭಾಷೆ ರಣರಂಗದ್ದೇ.

ಹದಿನೈದನೆಯ ಶತಮಾನದ ಕುಮಾರವ್ಯಾಸ ಕೃಷ್ಣಕಥೆ ಹೇಳಲು ಹೊರಟವನು, ವೀರರ ಅಭಿಮಾನ ಅವನಿಗೆ ಎರಡನೆಯದು. ಹಾಗೆಂದುಕೊಂಡು ಉದ್ಯೋಗಪರ್ವ ತೆರೆದರೆ ಕರ್ಣ ಮತ್ತೆ ಅಲ್ಲೇ ನಿಂತಿದ್ದಾನೆ: ‘ಮಾರಿಗೌತಣವಾಯ್ತು ನಾಳಿನ ಭಾರತವು’. ಕೌರವನ ಋಣ ಹಿಂಗುವಂತೆ ಹೋರಾಡಿ ‘ಪತಿಯವಸರಕ್ಕೆ ಶರೀರವನು ನೂಕುವೆನು’ ಎನ್ನುತ್ತಾನೆ. ಪತಿಯ ಅವಸರ ಎಂದರೆ ಅದೇ ಹಳೆಯ ‘ವೇಳೆ’. ಒಂದು ಬದಲಾವಣೆ ಇದೆ. ತನ್ನನ್ನು ಕರೆಯುತ್ತಿರುವವನು ದೇವರೆಂದು ಈ ಕರ್ಣನಿಗೆ ಗೊತ್ತು. ಗೊತ್ತಿದ್ದೂ ಒಲ್ಲೆ ಎನ್ನುತ್ತಾನೆ.

ಕರಾವಳಿ ಮಲೆನಾಡುಗಳ ತಾಳಮದ್ದಳೆಯಲ್ಲಿ ‘ಕರ್ಣಭೇದನ’ ಪ್ರಸಂಗ ಇಟ್ಟ ರಾತ್ರಿ ಈ ವಾದ ಮತ್ತೆ ಶುರುವಾಗುತ್ತದೆ. ಕೃಷ್ಣನ ಅರ್ಥಧಾರಿ ರಾಜ್ಯ, ತಮ್ಮಂದಿರು, ತಾಯಿ ಎಂದು ಒಂದೊಂದನ್ನೇ ಮುಂದಿಡುತ್ತಾನೆ. ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಆದರೂ ಕರ್ಣನಾಗಿ ಕೂತವರು ಇವತ್ತು ಯಾವ ಮಾತಿನಲ್ಲಿ ಒಲ್ಲೆ ಎನ್ನುತ್ತಾರೆ ಎಂದು ಕೇಳಲು ಜನ ನಿದ್ದೆಗೆಟ್ಟು ಕೂತಿರುತ್ತಾರೆ.