ಬೊಂಬೆಯ ತಲೆಗೆ ಕೂದಲು: ದಟ್ಟಣೆಗಿಂತ ದಿಕ್ಕು ಮುಖ್ಯ

ಸೀರೆ ಅಂಗಡಿಯ ಬೊಂಬೆಗೆ ಕೂದಲು ಮಾಡಿಸಲು ಬರುವವರು ಮೊದಲು ಹೇಳುವ ಮಾತು ಒಂದೇ: ದಟ್ಟವಾಗಿರಬೇಕು, ಕಪ್ಪಗೆ ಮಿಂಚಬೇಕು. ಈ ಎರಡನ್ನೂ ಹಾಗೆಯೇ ನಡೆಸಿಕೊಟ್ಟರೆ ಬೊಂಬೆ ಟೋಪಿ ಹಾಕಿಕೊಂಡಂತೆ ಕಾಣುತ್ತದೆ. ಎದುರಿಗಿರುವವರ ಹಣೆಯನ್ನು ಒಮ್ಮೆ ಗಮನವಿಟ್ಟು ನೋಡಿ. ಅಂಚಿನಲ್ಲಿ ಕೂದಲು ವಿರಳವಾಗಿ, ಗಿಡ್ಡವಾಗಿ, ಒಂದೊಂದೇ ಎಳೆಯಾಗಿ ಶುರುವಾಗುತ್ತದೆ. ಹಿಂದೆ ಹೋದಂತೆ ಒತ್ತಾಗುತ್ತದೆ. ನೆತ್ತಿಯ ಸುಳಿಯಿಂದ ಹೊರಟು ಸುತ್ತಲೂ ಓರೆಯಾಗಿ ಮಲಗುತ್ತದೆ. ಇಷ್ಟನ್ನು ಸರಿಯಾಗಿ ಹಿಡಿದರೆ ಸಾಮಗ್ರಿ ಅಗ್ಗದ್ದಾದರೂ ನಡೆಯುತ್ತದೆ. ಇದು ತಪ್ಪಿದರೆ ದುಬಾರಿ ಕೂದಲೂ ಕೈಹಿಡಿಯುವುದಿಲ್ಲ.

ಕಟ್ಟಿದ ಕೂದಲು ಉತ್ತರ ಕನ್ನಡಕ್ಕೆ ಹೊಸದಲ್ಲ. ಯಕ್ಷಗಾನದ ಸ್ತ್ರೀವೇಷಕ್ಕೆ ಚೌರಿ ಇಟ್ಟು ಜಡೆ, ತುರುಬು ಕಟ್ಟುವುದನ್ನು ಇಲ್ಲಿನವರು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ನೋಡಿಯೇ ಬೆಳೆದಿರುತ್ತಾರೆ. ಆದರೆ ರಂಗಸ್ಥಳದ ವೇಷ ದೂರದ ಕಣ್ಣಿಗೆ ಮಾಡಿದ್ದು. ಅಲ್ಲಿ ದಪ್ಪ ಗೆರೆ, ಗಾಢ ಕಪ್ಪು ಬೇಕೇ ಬೇಕು. ಅಂಗಡಿಯ ಬೊಂಬೆಯನ್ನು ಜನ ಮಾರು ದೂರದಿಂದ ನೋಡುತ್ತಾರೆ, ಸಿಲಿಕೋನ್‌ನಿಂದ ಮಾಡಿದ ಮಗುವಿನ ಬೊಂಬೆಯನ್ನಂತೂ ಎತ್ತಿಕೊಂಡೇ ನೋಡುತ್ತಾರೆ. ವೇಷದ ಲೆಕ್ಕಾಚಾರ ಇಲ್ಲಿಗೆ ಹೊಂದುವುದಿಲ್ಲ.

ಮೊದಲು ಸಾಮಗ್ರಿ. ಕಾರವಾರದ ಪೇಟೆಯಲ್ಲಿ ಸುಲಭವಾಗಿ ಸಿಗುವುದು ಉಲ್ಲನ್ ದಾರ. ಉಲ್ಲನ್ ಎಂದು ಮಾರುವುದರಲ್ಲಿ ಬಹುಪಾಲು ಅಕ್ರಿಲಿಕ್. ಅನುಮಾನವಿದ್ದರೆ ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ: ಕುರಿಯ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಬೂದಿ ಉಳಿಯುತ್ತದೆ, ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಕಪ್ಪು ಮಣಿಯಾಗುತ್ತದೆ. ದಾರದ ಹುರಿ ಬಿಚ್ಚಿ, ನಾಯಿ ಬಾಚುವ ತಂತಿಯ ಬ್ರಷ್‌ನಿಂದ ಎಳೆ ಎಳೆಯಾಗುವವರೆಗೆ ಬಾಚಬೇಕು. ಉಳಿಯುವ ಸಣ್ಣ ಗುಂಗುರನ್ನು ಹೇರ್ ಸ್ಟ್ರೈಟನರ್‌ನಿಂದ ನೇರ ಮಾಡಬಹುದು, ಅದೂ ಅತಿ ಕಡಿಮೆ ಶಾಖದಲ್ಲಿ. ಶಾಖ ಸ್ವಲ್ಪ ಏರಿದರೂ ಅಕ್ರಿಲಿಕ್ ಗಡುಸಾಗುತ್ತದೆ, ಮತ್ತೆ ಮೆದುವಾಗುವುದಿಲ್ಲ.

ಒಂದೇ ಕಪ್ಪು ಬಣ್ಣ ಬಳಸಬೇಡಿ. ಕಪ್ಪಿನ ಜೊತೆ ಗಾಢ ಕಂದು ಸೇರಿಸಿ ಬಾಚಿದರೆ ಬಿಸಿಲಿನಲ್ಲಿ ಅದು ಕೂದಲಾಗಿ ಕಾಣುತ್ತದೆ. ದಂಡೆಯಲ್ಲಿ ದುಡಿಯುವವರ ಕೂದಲು ಬಿಸಿಲು, ಉಪ್ಪುಗಾಳಿಗೆ ತುದಿಯಲ್ಲಿ ಕೆಂಚಾಗಿರುತ್ತದೆ. ಮೀನುಗಾರ ಮಹಿಳೆಯ ಬೊಂಬೆ ಮಾಡುವಾಗ ಆ ಕೆಂಚು ತುದಿ ಇಲ್ಲದಿದ್ದರೆ ನನಗೆ ಸಮಾಧಾನವಾಗುವುದಿಲ್ಲ.

ಶಿರಸಿ ಕಡೆಯ ಬಾಳೆನಾರನ್ನು ಹಲವರು ಕೇಳುತ್ತಾರೆ. ಚೆನ್ನಾಗಿ ಬಣ್ಣ ಹಿಡಿಯುತ್ತದೆ, ಹೊಳಪೂ ಇದೆ, ಆದರೆ ಬಿರುಸು. ಹೆಗಲ ಮೇಲೆ ಇಳಿಬೀಳುವುದಿಲ್ಲ. ಋಷಿಯ ಗಡ್ಡಕ್ಕೆ, ಮುದುಕಿಯ ಬಿಳಿ ತುರುಬಿಗೆ ಒಳ್ಳೆಯದು. ತೆಂಗಿನ ನಾರನ್ನು ಪ್ರಾಣಿಗಳ ಬೊಂಬೆಗೆ ಬಿಟ್ಟುಬಿಡಿ.

ಅಂಗಡಿಯ ಬೊಂಬೆಗಳು ಹೆಚ್ಚಾಗಿ ಫೈಬರ್‌ಗ್ಲಾಸ್‌ನವು. ಅವುಗಳಿಗೆ ಪಿನ್ನು ಇಳಿಯುವುದಿಲ್ಲ. ನೇರವಾಗಿ ಅಂಟಿಸಿದರೆ ಮುಂದೆ ಕೂದಲು ಬದಲಿಸುವಾಗ ಬಣ್ಣವೂ ಕಿತ್ತು ಬರುತ್ತದೆ. ಆದ್ದರಿಂದ ತೆಗೆದು ಹಾಕಬಹುದಾದ ಕುಲಾವಿಯೊಂದನ್ನು ಮಾಡಿಕೊಳ್ಳಿ. ತಲೆಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಅದರ ಮೇಲೆ ಚರ್ಮದ ಬಣ್ಣದ ನೈಲಾನ್ ಜಾಲರಿಯನ್ನು ಬಿಗಿಯಾಗಿ ಎಳೆದು ಕಟ್ಟಿ, ನೀರು ಬೆರೆಸಿದ ಫೆವಿಕಾಲ್ ಸವರಿ ಒಣಗಿಸಿದರೆ ತಲೆಯ ಅಳತೆಯೇ ಎದ್ದು ಬರುತ್ತದೆ. ಬಾಚಿದ ಎಳೆಗಳನ್ನು ಪತ್ರಿಕೆಯ ಹಾಳೆಯ ಮೇಲೆ ಸಾಲಾಗಿ ಹರಡಿ, ನಡುವೆ ಮಷಿನ್ ಹೊಲಿಗೆ ಹಾಕಿ, ಮಡಿಸಿ ಇನ್ನೊಮ್ಮೆ ಹೊಲಿದು, ಕಾಗದ ಹರಿದು ತೆಗೆದರೆ ಕೂದಲ ಪಟ್ಟಿ ಸಿದ್ಧ. ಈ ಪಟ್ಟಿಗಳನ್ನು ಕುತ್ತಿಗೆಯಿಂದ ಆರಂಭಿಸಿ ಮೇಲಕ್ಕೆ, ಮೇಲಿನ ಸಾಲು ಕೆಳಗಿನದರ ಹೊಲಿಗೆಯನ್ನು ಮುಚ್ಚುವಂತೆ ಹೊಲಿಯುತ್ತಾ ಹೋಗಬೇಕು. ಬೈತಲೆ ಮತ್ತು ಹಣೆಯಂಚಿಗೆ ಬಂದಾಗ ಪಟ್ಟಿ ನಿಲ್ಲಿಸಿ. ಅಲ್ಲಿ ಸಣ್ಣ ಕ್ರೋಶಾ ಕಡ್ಡಿಯಿಂದ ಜಾಲರಿಯ ಕಣ್ಣುಗಳಿಗೆ ಎರಡೆರಡು ಎಳೆಗಳನ್ನು ಗಂಟು ಹಾಕಬೇಕು. ಬೆನ್ನು ನೋಯಿಸುವ ಕೆಲಸ, ಆದರೆ ಇಡೀ ಬೊಂಬೆಯ ಮುಖ ನಿಂತಿರುವುದು ಈ ಒಂದೆರಡು ಬೆರಳಗಲದ ಮೇಲೆ.

ಸಿಲಿಕೋನ್‌ನ ದಾರಿಯೇ ಬೇರೆ. ಸಿಲಿಕೋನ್‌ಗೆ ಹಿಡಿಯುವುದು ಸಿಲಿಕೋನ್ ಮಾತ್ರ. ಫೆವಿಕಾಲ್ ಒಣಗಿ ಪೊರೆಯಾಗಿ ಕಳಚುತ್ತದೆ. ತಕ್ಷಣ ಹಿಡಿಯುವ ಅಂಟು ಗಡುಸಾಗಿ, ಮೆತ್ತನೆಯ ಚರ್ಮ ಬಾಗಿದಾಗ ಸಿಡಿಯುತ್ತದೆ. ಹಾಗಾಗಿ ಇಲ್ಲಿ ಕೂದಲನ್ನು ನೆಡಬೇಕು. ಇದಕ್ಕೆ ಉಣ್ಣೆ ಕುಟ್ಟುವ ಫೆಲ್ಟಿಂಗ್ ಸೂಜಿ ಬೇಕು. 40 ಅಥವಾ 42ನೇ ನಂಬರಿನದಾದರೆ ರಂಧ್ರ ಕಾಣುವುದಿಲ್ಲ. ಎಳೆಗೆ ಮೊಹೇರ್, ಅಂದರೆ ಅಂಗೋರಾ ಆಡಿನ ಕೂದಲು, ಉತ್ತಮ. ಮನುಷ್ಯರ ಕೂದಲು ಸುಮಾರು 70 ಮೈಕ್ರಾನ್ ದಪ್ಪವಿದ್ದರೆ ಮರಿಯಾಡಿನ ಮೊಹೇರ್ 30 ಮೈಕ್ರಾನ್‌ನ ಒಳಗೇ ಇರುತ್ತದೆ. ನಿಜವಾದ ಕೂದಲನ್ನೇ ಹಾಕಿ ಎಂದು ಕೇಳುವವರಿಗೆ ನಾನು ಈ ಲೆಕ್ಕ ತೋರಿಸುತ್ತೇನೆ. ಎಳೆಮಗುವಿನ ತಲೆಯ ಮೇಲೆ ದೊಡ್ಡವರ ಕೂದಲು ಮುಳ್ಳಿನಂತೆ ನಿಲ್ಲುತ್ತದೆ.

ನೆಡುವ ಮೊದಲು ಸುಳಿಯ ಜಾಗ ಗುರುತಿಸಿ. ಅದು ನೆತ್ತಿಯ ಹಿಂಭಾಗದಲ್ಲಿ, ಹೆಚ್ಚಿನವರಲ್ಲಿ ನಟ್ಟ ನಡುವಿನಿಂದ ಕೊಂಚ ಸರಿದು, ಬಹುಮಟ್ಟಿಗೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿರುತ್ತದೆ. ಒಂದೆರಡು ಎಳೆ ಇಟ್ಟು ಸೂಜಿಯನ್ನು ಓರೆಯಾಗಿ ಇಳಿಸಿ, ಇಳಿಸಿದ ದಾರಿಯಲ್ಲೇ ತೆಗೆಯಿರಿ. ತಿರುಚಿದರೆ ಸೂಜಿ ಮುರಿದು ಒಳಗೇ ಉಳಿಯುತ್ತದೆ. ಸಿಲಿಕೋನ್ ತಾನೇ ರಂಧ್ರ ಮುಚ್ಚಿಕೊಂಡು ಎಳೆಯನ್ನು ಕಚ್ಚಿ ಹಿಡಿಯುತ್ತದೆ.

ರಂಧ್ರಗಳನ್ನು ಎಂದೂ ನೇರ ಸಾಲಿನಲ್ಲಿ ಹಾಕಬೇಡಿ. ಒಮ್ಮೆ ಹರಿಯಲು ಶುರುವಾದರೆ ಸಿಲಿಕೋನ್ ರಂಧ್ರದಿಂದ ರಂಧ್ರಕ್ಕೆ ಸೀಳುತ್ತಾ ಹೋಗುತ್ತದೆ. ಅತ್ತಿತ್ತ ಚದುರಿಸಿ ನೆಟ್ಟರೆ ಚರ್ಮ ಉಳಿಯುತ್ತದೆ, ನಿಜವಾದ ಕೂದಲು ಹುಟ್ಟುವ ಬಗೆಯೂ ಅದೇ. ನೋಟಕ್ಕೆ ಬೇಕಾದದ್ದೂ ಬಾಳಿಕೆಗೆ ಬೇಕಾದದ್ದೂ ಇಲ್ಲಿ ಒಂದೇ ಆಗಿರುವುದರಿಂದ, ದಟ್ಟವಾಗಿ ನೆಡಿ ಎನ್ನುವವರ ಮಾತಿಗೆ ನಾನು ಒಪ್ಪುವುದೇ ಇಲ್ಲ. ಕೆಲವು ತಿಂಗಳ ಮಗುವಾದರೆ ಹಿಂದಲೆಯಲ್ಲಿ ಒಂದಿಷ್ಟು ಜಾಗ ಬೋಳಾಗಿಯೇ ಬಿಡುತ್ತೇನೆ. ಅಂಗಾತ ಮಲಗಿದ ಮಕ್ಕಳ ಕೂದಲು ಅಲ್ಲಿ ಸವೆದು ಉದುರಿರುತ್ತದೆ.

ದೊಡ್ಡ ಸಿಲಿಕೋನ್ ಬೊಂಬೆಗೆ ಕುಲಾವಿಯೇ ಸಾಕು. ಆದರೆ ಬಣ್ಣ ಬಿಡುವ ಕಪ್ಪು ದಾರ ತಾಗಿದರೆ ಸಿಲಿಕೋನ್ ಕಲೆ ಹೀರಿಕೊಳ್ಳುತ್ತದೆ, ಆ ಕಲೆ ಹೋಗುವುದಿಲ್ಲ. ದಾರವನ್ನು ನೀರು ತಿಳಿಯಾಗುವವರೆಗೆ ತೊಳೆದು, ಒಳಗೆ ಬಿಳಿ ಹತ್ತಿಯ ಬಟ್ಟೆಯ ಪದರ ಕೊಡಿ.

ವಸ್ತುಪ್ರದರ್ಶನಕ್ಕೆ ನಮ್ಮ ಜಿಲ್ಲೆಯ ಜನರ ಬೊಂಬೆ ಮಾಡುವಾಗ ಎಲ್ಲ ತಲೆಗೂ ಒಂದೇ ನೀಳ ಜಡೆ ಹಾಕುವ ಅಭ್ಯಾಸ ನಿಲ್ಲಬೇಕು. ಹಳಿಯಾಳ, ಯಲ್ಲಾಪುರದ ಸಿದ್ದಿ ಸಮುದಾಯದವರ ಕೂದಲು ಒತ್ತೊತ್ತಾದ ಗುಂಗುರು. ಕುರಿಯ ಉಣ್ಣೆಯನ್ನು ಒದ್ದೆ ಮಾಡಿ ಸಪೂರ ಹೆಣಿಗೆ ಕಡ್ಡಿಗೆ ಬಿಗಿಯಾಗಿ ಸುತ್ತಿ, ಆವಿಯಲ್ಲಿಟ್ಟು, ಪೂರ್ತಿ ಒಣಗಿದ ಮೇಲೆ ಬಿಡಿಸಿದರೆ ಆ ಗುಂಗುರು ಬರುತ್ತದೆ. ಬಾಚಣಿಗೆ ತಾಗಿಸಬಾರದು, ಬೆರಳಲ್ಲೇ ಬಿಡಿಸಬೇಕು. ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಣ್ಣುಮಕ್ಕಳ ಬೊಂಬೆಗೆ ಹೂ ಮುಡಿಸುವುದಾದರೆ ತುರುಬಿನ ಒಳಗೆ ಹತ್ತಿಯ ಉಂಡೆಯಿಟ್ಟು ಭಾರ ತಡೆಯುವಂತೆ ಕಟ್ಟಿ.

ಕೆಲಸದ ಕಾಲವನ್ನೂ ನೋಡಿಕೊಳ್ಳಿ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಜೂನ್‌ನಿಂದ ಫೆವಿಕಾಲ್ ಒಣಗಲು ದಿನಗಟ್ಟಲೆ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ವಿನೆಗರ್ ವಾಸನೆಯ ಸಿಲಿಕೋನ್ ಅಂಟು ಗಾಳಿಯ ತೇವದಿಂದಲೇ ಗಟ್ಟಿಯಾಗುವುದರಿಂದ ಮಳೆಗಾಲದಲ್ಲಿ ಬೇಗ ಹಿಡಿಯುತ್ತದೆ. ಕುಲಾವಿ ಮತ್ತು ಬಾಳೆನಾರಿನ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿ, ನೆಡುವ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ. ಬಾಳೆನಾರಿನ ಕೂದಲಿಗೆ ಆಗ ಬೂಷ್ಟು ಹಿಡಿಯುವುದು ಖಂಡಿತ; ಕುಲಾವಿ ಕಳಚಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳದ ಡಬ್ಬಿಯಲ್ಲಿಟ್ಟು, ಬಿಸಿಲು ಬಿದ್ದ ದಿನ ಹೊರಗೆ ಹರಡಿ.