ಮೀಟರ್ ಬಡ್ಡಿಯವನ ಮಣ್ಣಿಗೆ ಹೋದಾಗ

ಬಳ್ಳಾರಿಯ ಚರ್ಚಿನಲ್ಲಿ ಸಭಾಪಾಲಕ, ಅಂದರೆ ಪಾಸ್ಟರ್ ಆದ ನನಗೆ ಮದುವೆಗಿಂತ ಮಣ್ಣಿನ ಕರೆಯೇ ಜಾಸ್ತಿ. ಒಳ್ಳೆಯವರ ಮಣ್ಣು ಮಾಡಿಸುವುದು ಕಷ್ಟವಲ್ಲ. ಓಣಿಗೆಲ್ಲಾ ಕಾಟ ಕೊಟ್ಟವನ ಪೆಟ್ಟಿಗೆ ಮುಂದೆ ಬೈಬಲ್ ಹಿಡಿದು ನಿಂತಾಗ ಮಾತ್ರ ಬಾಯಿ ಒಣಗುತ್ತದೆ.

ಕೌಲ್ ಬಜಾರ್ ಕಡೆ ಮೀಟರ್ ಬಡ್ಡಿ ನಡೆಸುತ್ತಿದ್ದ ಒಬ್ಬರು ತೀರಿಕೊಂಡರು. ಅವರ ಸಾಲಕ್ಕೆ ಮನೆ ಕಳೆದುಕೊಂಡಿದ್ದ ಹೆಣ್ಣುಮಗಳೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಪಾಸ್ಟ್ರೇ, ಸುದ್ದಿ ಕೇಳಿ ಎದಿ ಹಗುರಾತ್ರಿ. ಇದು ಪಾಪೇನ್ರಿ?"

"ಇಲ್ಲಮ್ಮ" ಅಂದೆ. ಬಾಗಿಲು ಬಡಿಯುವವನು ಇನ್ನು ಬರುವುದಿಲ್ಲ ಎಂದು ಗೊತ್ತಾದಾಗ ಉಸಿರು ತಾನಾಗಿಯೇ ಸಲೀಸಾಗುತ್ತದೆ. ಅದಕ್ಕೆ ಕ್ಷಮೆ ಕೇಳಬೇಕಿಲ್ಲ. ಆದರೆ ಆ ಮನೆ ಮುಂದೆ ಪಟಾಕಿ ಹಚ್ಚಿದರೆ, ಹೆಣದ ಫೋಟೋವನ್ನು ಸ್ಟೇಟಸ್‌ಗೆ ಹಾಕಿಕೊಂಡು ನಕ್ಕರೆ, ಅಲ್ಲಿ ನನ್ನ ತಕರಾರಿದೆ.

1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ದುಡಿದದ್ದು ಇಲ್ಲಿಯೇ. ಹಾಗಾಗಿ ನಮ್ಮ ಜನಕ್ಕೆ ಬೈಬಲ್ ವಚನಗಳು ಬಾಯಿಪಾಠ, ಚರ್ಚೆಗೂ ರೆಡಿ. "ದುಷ್ಟರು ಹಾಳಾದರೆ ಊರು ಹರ್ಷಿಸುತ್ತದೆ ಅಂತ ಜ್ಞಾನೋಕ್ತಿ 11:10ರಲ್ಲೇ ಇದೆಯಲ್ಲ?" ಎನ್ನುತ್ತಾರೆ. ಇದೆ. ಅದೇ ಪುಸ್ತಕದ 24:17 ಶತ್ರು ಬಿದ್ದಾಗ ಹಿಗ್ಗಬೇಡ ಎನ್ನುತ್ತದೆ. ಒಂದು ಊರಿನ ಸ್ವಭಾವ ಹೇಳುತ್ತದೆ, ಇನ್ನೊಂದು ನಿನಗೆ ಬುದ್ಧಿ ಹೇಳುತ್ತದೆ. ನಾನು ಓದಿಕೊಳ್ಳುವುದು ಹೀಗೆ. ಇಸ್ರಾಯೇಲರನ್ನು ಜೀತಕ್ಕಿಟ್ಟಿದ್ದ ಈಜಿಪ್ಟಿನ ರಾಜ ಫರೋಹನ ದಂಡು ಸಮುದ್ರದಲ್ಲಿ ಮುಳುಗಿದ ಮೇಲೆ ಮೋಶೆಯ ಅಕ್ಕ ಮಿರ್ಯಾಮಳು ದಮ್ಮಡಿ ಬಡಿದು ಕುಣಿದದ್ದೂ ನಿಜ. ಅವಳಿಗೆ ಜೀತದಿಂದ ಬಿಡುಗಡೆ ಸಿಕ್ಕಿತ್ತು, ಕುಣಿಯಲಿ ಬಿಡಿ. ಆದರೆ ಯೆಹೆಜ್ಕೇಲ 33:11ರಲ್ಲಿ ದೇವರೇ ಆಣೆಯಿಟ್ಟು ಹೇಳುತ್ತಾನೆ: ದುಷ್ಟ ಸಾಯುವುದು ನನಗೆ ಸಂತೋಷವಲ್ಲ, ಅವನು ದಾರಿ ಬಿಟ್ಟು ಬದುಕಿಕೊಳ್ಳಲಿ. 2011ರಲ್ಲಿ ಒಸಾಮಾ ಬಿನ್ ಲಾಡೆನ್ ಸತ್ತಾಗ ವ್ಯಾಟಿಕನ್ ವಕ್ತಾರರು ಹೇಳಿದ್ದೂ ಅದನ್ನೇ: ಮನುಷ್ಯನ ಸಾವಿಗೆ ಕ್ರೈಸ್ತರು ಸಂಭ್ರಮಪಡುವುದಿಲ್ಲ.

ಹಾಗಂತ ಸುಳ್ಳು ಹೊಗಳಿಕೆಯೂ ಬೇಡ. ಮನೆಯವರು "ಎರಡು ಒಳ್ಳೇ ಮಾತಾಡ್ರಿ" ಎಂದು ಕೈ ಹಿಡಿಯುತ್ತಾರೆ. ನನಗೆ ಆಗ ಬೈಬಲಿನ ದಾವೀದ ನೆನಪಾಗುತ್ತಾನೆ. ತನ್ನನ್ನು ಕೊಲ್ಲಲು ಬೆನ್ನುಬಿದ್ದಿದ್ದ ರಾಜ ಸೌಲ ಸತ್ತಾಗ ಅವನು ಸಂಜೆವರೆಗೆ ಉಪವಾಸವಿದ್ದು ಅತ್ತ. ಸೌಲನ ಶೌರ್ಯ ಹೇಳಿದ, ಹೆಣ್ಣುಮಕ್ಕಳಿಗೆ ಅವನು ಕೆಂಪು ಬಟ್ಟೆ ಉಡಿಸಿದ್ದನ್ನು ಹೇಳಿದ. ಸಂತ ಎಂದು ಕರೆಯಲಿಲ್ಲ. ನಾನೂ ಆವತ್ತು ಪುಣ್ಯಾತ್ಮ ಅನ್ನಲಿಲ್ಲ, ಪಾಪದ ಪಟ್ಟಿಯನ್ನೂ ಓದಲಿಲ್ಲ. ಎಲ್ಲರಿಗೂ ಓದುವ "ಮಣ್ಣಿಗೆ ಮಣ್ಣು, ಬೂದಿಗೆ ಬೂದಿ" ಓದಿದೆ. ಸ್ವರ್ಗವೋ ನರಕವೋ ಎಂದು ಸ್ಮಶಾನದಲ್ಲೇ ತೀರ್ಪು ಕೊಡುವವರು ಯೇಸುವಿನ ಪಕ್ಕದ ಶಿಲುಬೆ ಮೇಲೆ ಕೊನೇ ಗಳಿಗೆಯಲ್ಲಿ ಸ್ವರ್ಗದ ಮಾತು ಪಡೆದ ಕಳ್ಳನನ್ನು ಮರೆತಿರುತ್ತಾರೆ.

ನನಗೆ ಇದಕ್ಕಿಂತ ದೊಡ್ಡ ಕೆಲಸ ಮಣ್ಣು ಮುಗಿದ ಮೇಲೆ ಶುರುವಾಗುತ್ತದೆ. ಮಕ್ಕಳು "ಅಪ್ಪನಿಗಾಗಿ ಏನು ಮಾಡೋಣ?" ಎಂದರು. ಕಲ್ಲಿನ ಸಮಾಧಿ ಕಟ್ಟಿಸುವ ಯೋಚನೆ ಅವರದ್ದು. ಲೂಕ 19ರ ಸುಂಕದವನಾದ ಜಕ್ಕಾಯನ ಕಥೆ ಓದಿದೆ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಎಂದವನದು. ಹಿರಿಮಗ ಮಂಚದ ಕೆಳಗಿನ ಟ್ರಂಕ್ ಎಳೆದ. ಸಹಿ ಮಾಡಿಸಿಟ್ಟ ಖಾಲಿ ಚೆಕ್ಕುಗಳು, ಹೆಬ್ಬೆಟ್ಟು ಒತ್ತಿದ ಛಾಪಾ ಕಾಗದ, ಯಾರದೋ ಪಾಸ್‌ಬುಕ್. ಒಬ್ಬೊಬ್ಬರನ್ನೇ ಕರೆಸಿ ಅವನ್ನೆಲ್ಲ ವಾಪಸ್ ಕೊಟ್ಟರು. ವಸೂಲಾದ ಬಡ್ಡಿ ದುಡ್ಡಿನ ಮಾತಿಗೆ ಮಾತ್ರ ಅಣ್ಣತಮ್ಮಂದಿರು ಇನ್ನೂ ಒಪ್ಪಿಲ್ಲ.